ಬಳ್ಳಾರಿ ಬಿಸಿಲಲ್ಲಿ ದಾಲ್ಚಿನ್ನಿ ಸಕ್ಕರೆ ಕುಕೀ: ಸಿದ್ಧ ಮಿಕ್ಸ್‌ನಿಂದ ಡಬ್ಬಿಯವರೆಗೆ

ಕುಕೀ ಮಿಕ್ಸ್ ಪ್ಯಾಕೆಟ್ಟಿನ ಹಿಂದೆ ‘ಕೋಣೆಯ ಉಷ್ಣತೆಯಲ್ಲಿರುವ ಬೆಣ್ಣೆ ಸೇರಿಸಿ’ ಎಂದು ಬರೆದಿರುತ್ತದೆ. ಮೇ ತಿಂಗಳ ಮಧ್ಯಾಹ್ನ ಬಳ್ಳಾರಿಯಲ್ಲಿ ಈ ಮಾತನ್ನು ಹಾಗೇ ನಂಬಿದರೆ ಬಟ್ಟಲಲ್ಲಿ ಬೆಣ್ಣೆ ಇರುವುದಿಲ್ಲ, ಎಣ್ಣೆ ಇರುತ್ತದೆ. ಅದನ್ನು ಬರೆದವರ ಕೋಣೆ 20–22 ಡಿಗ್ರಿಯದು. ನಮ್ಮ ಕೋಣೆ, ಅದರಲ್ಲೂ ತಾರಸಿಯ ಕೆಳಗಿನ ಅಡುಗೆಮನೆ, ಬೇಸಿಗೆಯಲ್ಲಿ 36–38 ಡಿಗ್ರಿ ದಾಟುವುದು ದಿನನಿತ್ಯದ ಸಂಗತಿ. ಬೆಣ್ಣೆ ಪೂರ್ತಿ ಕರಗಲು 32ರಿಂದ 35 ಡಿಗ್ರಿ ಸಾಕು. ಮಣ್ಣಿನ ಮಾಳಿಗೆ ಮನೆಯವರು ಪುಣ್ಯವಂತರು, ಉಳಿದವರು ಉಪಾಯ ಮಾಡಬೇಕು.

ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಈ ಕುಕೀ ಹಪ್ಪಳದ ಹಾಗೆ ಹರಡಿತು ಎನ್ನುವ ದೂರಿಗೆ ಹತ್ತರಲ್ಲಿ ಎಂಟು ಸಲ ಬೆಣ್ಣೆಯ ಬಿಸಿಯೇ ಕಾರಣ. ಮಿಕ್ಸ್ ಕೆಟ್ಟದ್ದು, ಒವನ್ ಸರಿಯಿಲ್ಲ ಎಂದು ಬೈಯುವ ಮುಂಚೆ ಬೆಣ್ಣೆಯನ್ನು ಕೇಳಬೇಕು. ಮುಂದಿನ ಹಂತಗಳಲ್ಲಿ ಫ್ರಿಜ್‌ನ ಮಾತು ಪದೇ ಪದೇ ಬರುವುದೂ ಅದಕ್ಕೇ.

ಪ್ಯಾಕೆಟ್ ತಂದರೆ ಮೊದಲು ನೋಡಬೇಕಾದ್ದು

ಸಿದ್ಧ ಮಿಕ್ಸ್ ಎಂದರೆ ಮೈದಾ, ಸಕ್ಕರೆ, ಉಬ್ಬಿಸುವ ಪುಡಿ, ಉಪ್ಪು ಅಳತೆ ಮಾಡಿ ಬೆರೆಸಿದ ಒಣ ಹಿಟ್ಟು. ಬೆಣ್ಣೆ, ಮೊಟ್ಟೆ ಅಥವಾ ಹಾಲು ನಮ್ಮದು. ಪ್ಯಾಕೆಟ್ಟಿನಲ್ಲಿ ಮೂರು ಸಂಗತಿ ಓದಿ: ಎಷ್ಟು ಗ್ರಾಂ ಬೆಣ್ಣೆ, ಮೊಟ್ಟೆಯೋ ಹಾಲೋ, ಮತ್ತು ಉಪ್ಪು ಈಗಾಗಲೇ ಇದೆಯೋ. ಉಪ್ಪಿದ್ದರೆ ಉಪ್ಪಿಲ್ಲದ ಬೆಣ್ಣೆಯನ್ನೇ ತನ್ನಿ. ಬ್ರೆಡ್ಡಿಗೆ ಹಚ್ಚುವ ಹಳದಿ ಬೆಣ್ಣೆಯಲ್ಲಿ ಉಪ್ಪು ಚೆನ್ನಾಗಿಯೇ ಇರುತ್ತದೆ, ಎರಡೂ ಸೇರಿದರೆ ಕುಕೀ ಬಾಯಿಗೆ ಬಿಸ್ಕತ್ತೂ ಅಲ್ಲ, ನಿಪ್ಪಟ್ಟೂ ಅಲ್ಲ.

ದಾಲ್ಚಿನ್ನಿ ಸಕ್ಕರೆಯ ಸಣ್ಣ ಪೊಟ್ಟಣ ಒಳಗೇ ಬಂದರೆ ಒಳ್ಳೆಯದು. ಬರದಿದ್ದರೆ ಬೇಸರ ಬೇಡ. ಮನೆಯಲ್ಲಿ ಪುಡಿ ಮಾಡಿದ್ದರ ಘಮ ಅದಕ್ಕೆ ಬರುವುದೂ ಇಲ್ಲ.

ಮನೆಯಲ್ಲೇ ಬೆರೆಸಿಡುವ ಮಿಕ್ಸ್

ಪ್ಯಾಕೆಟ್ ಎಲ್ಲ ಊರಲ್ಲೂ ಸಿಗುವುದಿಲ್ಲ. ಸಿಂಧನೂರು, ಕುಷ್ಟಗಿ ಕಡೆಯವರು ಸಾಮಾನು ತಂದು ತಾವೇ ಬೆರೆಸಿಟ್ಟುಕೊಳ್ಳುವುದು ವಾಸಿ, ಖರ್ಚೂ ಕಡಿಮೆ. 20 ಕುಕೀಗೆ ಒಂದು ಡಬ್ಬಿಯ ಲೆಕ್ಕ ಹೀಗೆ: ಮೈದಾ 190 ಗ್ರಾಂ, ಸಕ್ಕರೆ 150 ಗ್ರಾಂ, ಕ್ರೀಮ್ ಆಫ್ ಟಾರ್ಟರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಪುಡಿ ಉಪ್ಪು ಕಾಲು ಟೀ ಚಮಚ. ಚಮಚಗಳೆಲ್ಲ ಅಂಚಿಗೆ ಗೀಚಿ ಸಮ ಮಾಡಿದವು, ಗೋಪುರದ ಚಮಚ ಲೆಕ್ಕಕ್ಕಿಲ್ಲ.

ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ. ಅದನ್ನು ಮಿಕ್ಸಿಯಲ್ಲಿ ಎರಡು ಸಲ ಮಾತ್ರ ಗರ್ ಅನ್ನಿಸಿ, ಸಣ್ಣ ರವೆಯಂತಾದರೆ ಸಾಕು. ಪೂರ್ತಿ ಬೂದಿಯಂತೆ ನುಣ್ಣಗಾದರೆ ಬೆಣ್ಣೆ ಕಡೆಯುವಾಗ ಗಾಳಿ ನಿಲ್ಲುವುದಿಲ್ಲ. ಸಕ್ಕರೆ ಬಿಟ್ಟು ಉಳಿದದ್ದನ್ನೆಲ್ಲ ಮೂರು ಸಲ ಜರಡಿ ಹಿಡಿಯಿರಿ. ಸೋಡಾ ಒಂದೇ ಕಡೆ ಗಂಟಾಗಿ ಉಳಿದರೆ ಆ ಒಂದು ಕುಕೀ ಸಾಬೂನು ಕಚ್ಚಿದಂತಿರುತ್ತದೆ. ಸಕ್ಕರೆಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿ ಅದೇ ಡಬ್ಬಿಗೆ ಹಾಕಿ. ಬಿಗಿ ಮುಚ್ಚಳದ ಒಣ ಡಬ್ಬಿಯಲ್ಲಿ ಎರಡು ತಿಂಗಳು ನಿಶ್ಚಿಂತೆ. ಮಳೆಗಾಲದಲ್ಲಿ ಮಾತ್ರ ಒಂದು ತಿಂಗಳೊಳಗೆ ಮುಗಿಸಿ, ಸೋಡಾ ತೇವ ಕುಡಿದರೆ ಡಬ್ಬಿಯಲ್ಲೇ ಸತ್ತಿರುತ್ತದೆ.

ಕ್ರೀಮ್ ಆಫ್ ಟಾರ್ಟರ್ ಹೆಸರು ಕೇಳಿ ಕೆನೆ ಎಂದುಕೊಳ್ಳಬೇಡಿ. ಅದು ದ್ರಾಕ್ಷಿ ವೈನ್ ಮಾಡುವಾಗ ಪೀಪಾಯಿಯ ಒಳಗೋಡೆಗೆ ಕಟ್ಟುವ ಹುಳಿ ಉಪ್ಪಿನ ಬಿಳಿ ಪುಡಿ. ಅಮೆರಿಕದಲ್ಲಿ ಸ್ನಿಕರ್‌ಡೂಡಲ್ ಎಂದು ಕರೆಯುವ ಈ ಕುಕೀಗೆ ಮೆಲುವಾದ ಹುಳಿ, ಒಳಗಿನ ಮೆತು, ಮೇಲಿನ ಬಿರುಕು ಬರುವುದು ಬಹುಪಾಲು ಅದರಿಂದ. ಸೋಡಾ ಜೊತೆ ಸೇರಿ ಗಾಳಿ ಬಿಡುತ್ತದೆ, ಸಕ್ಕರೆ ಮತ್ತೆ ಹರಳುಗಟ್ಟದಂತೆ ತಡೆಯುತ್ತದೆ. ಕೇಕ್ ಸಾಮಾನಿನ ಅಂಗಡಿಯಲ್ಲಿ ಕೇಳಿ. ಸಿಗಲೇ ಇಲ್ಲವೆಂದರೆ ಅದನ್ನೂ ಸೋಡಾವನ್ನೂ ಬಿಟ್ಟು ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ನಿಂಬೆ ಉಪ್ಪು ಒಂದು ಚಿಟಿಕೆ ಹಾಕಿ. ಕುಕೀ ಆಗುತ್ತದೆ, ಆದರೆ ಸ್ವಲ್ಪ ಕೇಕಿನ ಕಡೆಗೆ ವಾಲುತ್ತದೆ.

ಸೋಡಾ ಜೀವಂತವಿದೆಯೇ ಎಂದು ನೋಡಲು ಕಾಲು ಚಮಚ ಸೋಡಾಕ್ಕೆ ನಾಲ್ಕು ಹನಿ ನಿಂಬೆರಸ ಬಿಡಿ. ಬುಸ್ ಅಂದರೆ ಇದೆ, ಸುಮ್ಮನೆ ಕೂತರೆ ಪಾತ್ರೆ ತೊಳೆಯಲು ಬಳಸಿ.

ಜೋಳದ ನಾಡಿನಲ್ಲಿದ್ದು ಮೈದಾ ಮಾತ್ರವೇ ಎನ್ನುವವರು 190 ಗ್ರಾಂ ಮೈದಾದಲ್ಲಿ 40 ಗ್ರಾಂ ತೆಗೆದು ಅಷ್ಟೇ ಬಿಳಿಜೋಳದ ಹಿಟ್ಟು ಹಾಕಬಹುದು. ಹೊಸದಾಗಿ ಬೀಸಿದ್ದಿರಲಿ, ಹಳೆಯ ಹಿಟ್ಟು ಕಹಿ. ಜೋಳಕ್ಕೆ ಅಂಟಿಲ್ಲ, ಆದ್ದರಿಂದ 40 ದಾಟಿದರೆ ಕುಕೀ ಕೈಯಲ್ಲೇ ಉದುರುತ್ತದೆ. ದಾಲ್ಚಿನ್ನಿಗೆ ಜೋಳದ ಹುರಿದ ವಾಸನೆ ಬಹಳ ಒಗ್ಗುತ್ತದೆ.

ಚಕ್ಕೆಯೋ ದಾಲ್ಚಿನ್ನಿಯೋ

ಬಿರಿಯಾನಿಗೆ ಹಾಕುವ ದಪ್ಪ, ಗಟ್ಟಿ, ಒಂದೇ ಮಡಿಕೆಯ ತೊಗಟೆ ಕ್ಯಾಸಿಯಾ. ಕಿರಾಣಿ ಅಂಗಡಿಯಲ್ಲಿ ಚಕ್ಕೆ ಎಂದು ಕೇಳಿದರೆ ಹೆಚ್ಚಾಗಿ ಬರುವುದು ಅದೇ. ಶ್ರೀಲಂಕಾದ ದಾಲ್ಚಿನ್ನಿ ಕಾಗದದಷ್ಟು ತೆಳು, ಹಲವು ಪದರ ಬೀಡಿಯಂತೆ ಸುರುಳಿ, ಬೆರಳಲ್ಲಿ ಅದುಮಿದರೆ ಪುಡಿಯಾಗುತ್ತದೆ. ಬೆಲೆಯೂ ಹಲವು ಪಟ್ಟು. ಕ್ಯಾಸಿಯಾದ ಖಾರ ಜೋರು, ದಾಲ್ಚಿನ್ನಿಯದು ಸಿಹಿ ಘಮ. ಈ ಕುಕೀಗೆ ಕ್ಯಾಸಿಯಾವೇ ಸರಿ ಎನ್ನುವುದು ನಮ್ಮ ಮತ, ಸಕ್ಕರೆಯ ಎದುರು ತೆಳು ಘಮ ಸೋತುಬಿಡುತ್ತದೆ. ಆದರೆ ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ಅದು ಅತಿಯಾದರೆ ಪಿತ್ತಜನಕಾಂಗಕ್ಕೆ ಒಳ್ಳೆಯದಲ್ಲ. ಅಪರೂಪಕ್ಕೆ ಎರಡು ಕುಕೀ ತಿಂದರೆ ಚಿಂತೆಯಿಲ್ಲ. ದಿನಾ ಮಕ್ಕಳ ಡಬ್ಬಿಗೆ ಹಾಕುವ ಮನೆಯಲ್ಲಿ ಶ್ರೀಲಂಕಾದ್ದನ್ನು ತನ್ನಿ.

ಪುಡಿ ಮಾಡುವ ಮುಂಚೆ ಚಕ್ಕೆಯನ್ನು ಒಂದು ತಾಸು ಬಿಸಿಲಿಗಿಡಿ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಹುರಿಯಬೇಡಿ, ಎಣ್ಣೆಯ ಅಂಶ ಹಾರಿಹೋಗುತ್ತದೆ. ಗರಿಗರಿಯಾದ ಮೇಲೆ ಮಿಕ್ಸಿಗೆ ಹಾಕಿ, ಮೈದಾ ಜರಡಿಯಲ್ಲಿ ಸೋಸಿ. ಮೇಲೆ ಉಳಿದ ತರಿ ಚಹಾಕ್ಕಾಯಿತು, ಕುಕೀಗೆ ಬಿದ್ದರೆ ಹಲ್ಲಿಗೆ ಮರಳು ಸಿಕ್ಕಂತೆ.

ಹೊರಳಿಸುವ ಸಕ್ಕರೆಗೆ 50 ಗ್ರಾಂ ಸಕ್ಕರೆ, ಸಮ ಎರಡು ಟೀ ಚಮಚ ದಾಲ್ಚಿನ್ನಿ ಪುಡಿ. ಇಲ್ಲೂ ಸಕ್ಕರೆ ಒಮ್ಮೆ ಮಾತ್ರ ಮಿಕ್ಸಿಯಲ್ಲಿ ತಿರುಗಲಿ. ದಪ್ಪ ಹರಳು ಉಂಡೆಗೆ ಅಂಟದೆ ಜಾರುತ್ತದೆ, ನುಣ್ಣನೆಯದು ಕರಗಿ ಪಾಕವಾಗುತ್ತದೆ.

ಬೆಣ್ಣೆ

ಮೇಲಿನ ಮಿಕ್ಸ್‌ಗೆ 115 ಗ್ರಾಂ ಉಪ್ಪಿಲ್ಲದ ಬೆಣ್ಣೆ. ಪ್ಯಾಕೆಟ್ ಮಿಕ್ಸ್ ಆದರೆ ಅದರ ಹಿಂದೆ ಬರೆದಷ್ಟೇ. ಅಂಗಡಿಯಿಂದ ತರುವಾಗಲೇ ಎಚ್ಚರ ಬೇಕು: ಬೈಕಿನ ಡಿಕ್ಕಿಯಲ್ಲಿ ಒಮ್ಮೆ ಕರಗಿ ಮತ್ತೆ ಫ್ರಿಜ್‌ನಲ್ಲಿ ಗಟ್ಟಿಯಾದ ಬೆಣ್ಣೆ ಹೊರಗಿಂದ ಬೆಣ್ಣೆಯಂತೆಯೇ ಕಾಣುತ್ತದೆ, ಆದರೆ ಅದರೊಳಗಿನ ಕೊಬ್ಬು ನೀರು ಬೇರೆಯಾಗಿರುತ್ತವೆ. ಕಡೆದರೆ ಗಾಳಿ ಹಿಡಿಯುವುದಿಲ್ಲ, ಕಾಳು ಕಾಳಾಗುತ್ತದೆ. ಐಸ್‌ಕ್ರೀಮ್ ತರುವ ಹಾಗೆ ಕೊನೆಯಲ್ಲಿ ಕೊಂಡು ನೇರ ಮನೆಗೆ ಬನ್ನಿ.

ಕಡೆಯಲು ಸರಿಯಾದ ಹದ ಇದು: ಬೆರಳಿಟ್ಟು ಒತ್ತಿದರೆ ಗುಳಿ ಬೀಳಬೇಕು, ಗುಳಿಯ ಅಂಚು ಹಾಗೇ ನಿಲ್ಲಬೇಕು, ಬೆರಳಿಗೆ ಜಿಡ್ಡಿನ ಹೊಳಪು ಹತ್ತಬಾರದು. ಮುಟ್ಟಿದರೆ ಇನ್ನೂ ತಣ್ಣಗಿರಬೇಕು. ಉಷ್ಣಮಾಪಕವಿದ್ದರೆ 18–20 ಡಿಗ್ರಿ. ಚಳಿಗಾಲದ ಬೆಳಿಗ್ಗೆ ಇದಕ್ಕೆ ಅರ್ಧ ತಾಸು ಬೇಕಾಗಬಹುದು. ಮೇ ತಿಂಗಳಲ್ಲಿ ಹೆರೆದು ಸಣ್ಣ ತುಂಡು ಮಾಡಿದರೆ ಐದೇ ನಿಮಿಷ, ಅದೂ ಜಾಸ್ತಿಯಾಗಬಹುದು. ಗಡಿಯಾರ ನೋಡಬೇಡಿ, ಬೆರಳು ನೋಡಿ.

ಮನೆಯಲ್ಲಿ ಕಡೆದ ಎಮ್ಮೆ ಬೆಣ್ಣೆ ಬಳಸುವವರಿಗೆ ಒಂದು ಮಾತು. ಅದರಲ್ಲಿ ಮಜ್ಜಿಗೆ ನೀರು ಹೆಚ್ಚು ಉಳಿದಿರುತ್ತದೆ. ತಣ್ಣೀರಲ್ಲಿ ನಾಲ್ಕು ಸಲ ತೊಳೆದು, ಹಿಂಡಿ, ಬಟ್ಟೆಯ ಮೇಲೆ ಒತ್ತಿ ನೀರು ತೆಗೆದು ಆಮೇಲೆ ತೂಗಿ. ತುಪ್ಪ ಹಾಕಬಹುದೇ? ಹಾಕಿದರೆ ನಾನ್‌ಖಟಾಯಿ ಆಗುತ್ತದೆ, ಅದೂ ಚೆಂದವೇ, ಆದರೆ ಇದಲ್ಲ.

ಕಲಸುವುದು

ಬೇಸಿಗೆಯಲ್ಲಿ ಬೆಳಗಿನ ಆರು ಗಂಟೆಯೊಳಗೆ ಕಲಸಿ ಮುಗಿಸುವುದು ಎಲ್ಲಕ್ಕಿಂತ ದೊಡ್ಡ ಉಪಾಯ. ಆಗದಿದ್ದರೆ ಬೋಗುಣಿಯನ್ನು ಹತ್ತು ನಿಮಿಷ ಫ್ರಿಜ್‌ನಲ್ಲಿಟ್ಟು, ಐಸು ಹಾಕಿದ ಅಗಲ ಪರಾತದ ಮೇಲೆ ಕೂರಿಸಿ.

ಬೆಣ್ಣೆಗೆ ಸಕ್ಕರೆ ಹಾಕಿ ಎರಡರಿಂದ ಮೂರು ನಿಮಿಷ ಕಡೆಯಿರಿ, ಬಣ್ಣ ಒಂದು ಎಳೆ ತಿಳಿಯಾದರೆ ನಿಲ್ಲಿಸಿ. ನಂತರ ಒಂದು ಮೊಟ್ಟೆ, ಒಂದು ಟೀ ಚಮಚ ವೆನಿಲ್ಲಾ ಎಸೆನ್ಸ್. ಮೊಟ್ಟೆ ತಿನ್ನದ ಮನೆಯಲ್ಲಿ ಮೊಟ್ಟೆಯ ಜಾಗಕ್ಕೆ ತಣ್ಣನೆಯ ಹಾಲು 35 ಮಿ.ಲೀ. ಆದರೆ ಒಮ್ಮೆಲೇ ಸುರಿಯಬೇಡಿ, 25 ಹಾಕಿ, ಉಳಿದದ್ದು ಹಿಟ್ಟು ಕೂಡಿ ಬರದಿದ್ದರೆ ಮಾತ್ರ. ಪ್ಯಾಕೆಟ್ ಮಿಕ್ಸ್‌ನಲ್ಲಿ ಸಕ್ಕರೆ ಹಿಟ್ಟಿನೊಳಗೇ ಇರುವುದರಿಂದ ಕಡೆಯುವ ಮಾತಿಲ್ಲ. ಮೆತ್ತಗಾದ ಬೆಣ್ಣೆಯನ್ನು ನೇರ ಮಿಕ್ಸ್‌ಗೆ ಹಾಕಿ ಬೆರಳ ತುದಿಯಲ್ಲಿ ಉಜ್ಜಿ, ಒದ್ದೆ ಮರಳಿನಂತಾದಾಗ ಹಾಲೋ ಮೊಟ್ಟೆಯೋ ಸೇರಿಸಿ.

ಇನ್ನು ಮೈದಾ ಮಿಶ್ರಣ ಹಾಕಿದ ಮೇಲೆ ನಮ್ಮ ಕಡೆಯವರ ಕೈಗೆ ಒಂದು ಕಾಯಿಲೆ ಇದೆ: ಹಿಟ್ಟು ಕಂಡರೆ ನಾದುತ್ತವೆ. ಜೋಳದ ರೊಟ್ಟಿ ಹಿಟ್ಟು ನಾದಿದಷ್ಟೂ ಮಿದು, ಏಕೆಂದರೆ ಜೋಳದಲ್ಲಿ ಅಂಟಿಲ್ಲ. ಮೈದಾ ನಾದಿದಷ್ಟೂ ಅಂಟು ಎದ್ದು ಎಳೆ ಬಿಗಿಯುತ್ತದೆ, ಕುಕೀ ಮೆಲ್ಲುವ ಬದಲು ಜಗಿಯಬೇಕಾಗುತ್ತದೆ. ಮರದ ಸೌಟಿನಲ್ಲಿ ಅಥವಾ ಬೆರಳಲ್ಲಿ ಮಡಚಿ ಮಡಚಿ ಕೂಡಿಸಿ, ಒಣ ಹಿಟ್ಟಿನ ಗೆರೆ ಮಾಯವಾದ ಕೂಡಲೇ ಕೈ ತೆಗೆಯಿರಿ. ಹಿಟ್ಟು ಕೈಗೆ ಸ್ವಲ್ಪ ಅಂಟುತ್ತದೆ, ಅದಕ್ಕೆ ಹೆದರಿ ಮೈದಾ ಉದುರಿಸಬೇಡಿ. ತಣ್ಣಗಾದರೆ ತಾನೇ ಸರಿಹೋಗುತ್ತದೆ.

ಮುಚ್ಚಿ ಫ್ರಿಜ್‌ನಲ್ಲಿ ಒಂದು ತಾಸು. ಜೋಳದ ಹಿಟ್ಟು ಹಾಕಿದ್ದರೆ ಎರಡು ತಾಸು, ಅದು ನೀರು ಕುಡಿಯುವುದು ನಿಧಾನ. ಬಟ್ಟಲ ಮೇಲೆ ತಟ್ಟೆ ಮುಚ್ಚಿದರೆ ಸಾಲದು, ಹಿಟ್ಟಿಗೆ ತಾಗುವಂತೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಮೇಲ್ಪದರ ಒಣಗಿದರೆ ಮುಂದೆ ಸಕ್ಕರೆ ಹಿಡಿಯುವುದಿಲ್ಲ.

ಉಂಡೆ, ಸಕ್ಕರೆ, ತಟ್ಟೆ

ತಲಾ 25 ಗ್ರಾಂ, ಅಂದರೆ ದೊಡ್ಡ ನಿಂಬೆಗಿಂತ ಸಣ್ಣದು, ಅಡಿಕೆಗಿಂತ ದೊಡ್ಡದು. ಮೊದಲ ಎರಡನ್ನು ತೂಗಿದರೆ ಉಳಿದವಕ್ಕೆ ಕೈಯೇ ತಕ್ಕಡಿ. ಅರ್ಧ ಹಿಟ್ಟು ಮಾತ್ರ ಹೊರಗೆ ತೆಗೆಯಿರಿ. ಅಂಗೈಯಲ್ಲಿ ಉರುಳಿಸಿದ ತಕ್ಷಣ, ಕೈಬಿಸಿಗೆ ಮೇಲ್ಮೈ ತುಸು ಅಂಟಂಟಾಗಿರುವಾಗಲೇ, ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸಿ, ಮತ್ತೊಮ್ಮೆ ಹೊರಳಿಸಿ. ಎರಡು ಸಲ ಹೊರಳಿಸಿದರೇ ಬಿರುಕಿನ ನಡುವೆ ಬಿಳಿ, ಮೇಲೆ ಕಂದು ಎಂಬ ಆ ಚಿತ್ತಾರ ಎದ್ದು ಕಾಣುವುದು. ಸಕ್ಕರೆ ಹಚ್ಚಿ ಫ್ರಿಜ್‌ನಲ್ಲಿಟ್ಟು ಕಾಯಬೇಡಿ, ಸಕ್ಕರೆ ತೇವ ಎಳೆದು ಬೆವರುತ್ತದೆ.

ತಟ್ಟೆಗೆ ಬೇಕಿಂಗ್ ಕಾಗದ ಹಾಸಿ. ಹಳೆಯ ಪತ್ರಿಕೆ ಬೇಡವೇ ಬೇಡ. ಎಣ್ಣೆ ಸವರಿದರೆ ಕುಕೀ ಜಾರಿ ಹರಡುತ್ತದೆ. ನಡುವೆ ನಾಲ್ಕು ಬೆರಳ ಅಂತರ. ಮೊಟ್ಟೆ ಹಾಕಿದ ಉಂಡೆಯನ್ನು ಒತ್ತುವುದು ಬೇಡ, ಹಾಲಿನದನ್ನು ಲೋಟದ ತಳದಿಂದ ಒಂದೂವರೆ ಸೆಂಟಿಮೀಟರ್ ದಪ್ಪಕ್ಕೆ ಮೆಲ್ಲಗೆ ಒತ್ತಿ, ತಾನಾಗಿ ಅದು ಅಷ್ಟು ಇಳಿಯುವುದಿಲ್ಲ.

ಒವನ್

ಓಟಿಜಿ, ಅಂದರೆ ರಾಡ್ ಕಾದು ಬೇಯಿಸುವ ಸಣ್ಣ ಕರೆಂಟ್ ಒವನ್, ಆದರೆ ಮೇಲಿನ ಕೆಳಗಿನ ಎರಡೂ ರಾಡ್, 180 ಡಿಗ್ರಿ, 15 ನಿಮಿಷ ಮುಂಚಿತವಾಗಿ ಕಾಯಲಿ. ಕನ್ವೆಕ್ಷನ್ ಮೈಕ್ರೋವೇವ್‌ನಲ್ಲಿ ಗಾಳಿ ತಿರುಗುವುದರಿಂದ 170 ಸಾಕು. ಸಾಮಾನ್ಯ ಓಟಿಜಿ 1,200ರಿಂದ 1,500 ವಾಟ್ ಎಳೆಯುತ್ತದೆ, ಅದನ್ನು 16 ಆಂಪಿಯರ್‌ನ ದೊಡ್ಡ ಸಾಕೆಟ್ಟಿಗೇ ಹಾಕಿ. ಮೊಬೈಲ್ ಚಾರ್ಜರ್‌ನ ಎಕ್ಸ್‌ಟೆನ್ಷನ್ ಬೋರ್ಡ್ ಕರಗಿಹೋಗುತ್ತದೆ.

ಗುಂಡಿಯ ಮೇಲೆ 180 ಎಂದಿದ್ದ ಮಾತ್ರಕ್ಕೆ ಒಳಗೆ 180 ಇರುವುದಿಲ್ಲ. ಒವನ್ ಉಷ್ಣಮಾಪಕ ಇಲ್ಲದವರಿಗೆ ಸಕ್ಕರೆಯೇ ಮಾಪಕ. ಅಲ್ಯೂಮಿನಿಯಂ ಹಾಳೆಯ ಮೇಲೆ ಒಂದು ಚಮಚ ಸಕ್ಕರೆ ಹರಡಿ, ಕಾದ ಒವನ್‌ನಲ್ಲಿ 175ಕ್ಕೆ 15 ನಿಮಿಷ ಇಡಿ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ, ಆದ್ದರಿಂದ ಅದು ಹರಳಾಗಿಯೇ ಉಳಿಯಬೇಕು. ಕರಗಿತೋ, ನಿಮ್ಮ ಒವನ್ ಹೇಳುವುದಕ್ಕಿಂತ ಬಿಸಿ. ಮತ್ತೆ 190ಕ್ಕೆ ಇಟ್ಟರೆ ಕರಗಲೇಬೇಕು, ಕರಗದಿದ್ದರೆ ತಣ್ಣನೆಯ ಒವನ್.

ಅನ್ನ ಬೆಂದಿತೇ ಎಂದು ಒಂದು ಅಗುಳು ಹಿಸುಕಿ ನೋಡುವ ಹಾಗೆ ಮೊದಲು ಒಂದೇ ಕುಕೀ ಬೇಯಿಸಿ. ತೀರಾ ಹರಡಿದರೆ ಉಳಿದ ಹಿಟ್ಟನ್ನು ಇನ್ನೂ ಅರ್ಧ ತಾಸು ತಂಪಿಗಿಡಿ, ಅದಕ್ಕೂ ಬಗ್ಗದಿದ್ದರೆ ಒಂದು ದೊಡ್ಡ ಚಮಚ ಮೈದಾ ಸೇರಿಸಿ. ಗುಡ್ಡದಂತೆ ನಿಂತರೆ ಉಂಡೆಯನ್ನು ಒತ್ತಿ ಇಡಿ. ಒಂದು ಕುಕೀ ಹೋದರೂ 19 ಉಳಿದವು.

ನಡುವಿನ ಅಂತಸ್ತಿನಲ್ಲಿ 10ರಿಂದ 12 ನಿಮಿಷ. ದಾಲ್ಚಿನ್ನಿಯ ಕಂದು ಬಣ್ಣ ಮೊದಲೇ ಇರುವುದರಿಂದ ಮೇಲಿನ ಬಣ್ಣ ಮೋಸ ಮಾಡುತ್ತದೆ. ಅಂಚು ನೋಡಿ: ಮುಟ್ಟಿದರೆ ಗಟ್ಟಿ ನಿಲ್ಲಬೇಕು. ನಡುವೆ ಉಬ್ಬಿ, ಬಿರುಕಿನೊಳಗೆ ಇನ್ನೂ ಹಸಿಯೇನೋ ಎನ್ನುವಂತೆ ಮಸುಕಾಗಿರಬೇಕು. ಅದೇ ಹೊತ್ತು ತೆಗೆಯಬೇಕಾದ ಹೊತ್ತು. ‘ಇನ್ನೆರಡು ನಿಮಿಷ ಇರಲಿ’ ಎಂದವರು ಮರುದಿನ ಚಹಾದಲ್ಲಿ ಅದ್ದಿಯೇ ತಿನ್ನಬೇಕು. ಹೊರತೆಗೆದ ಮೇಲೂ ಬಿಸಿ ತಟ್ಟೆಯಲ್ಲಿ ಐದು ನಿಮಿಷ ಬೇಯುತ್ತಲೇ ಇರುತ್ತದೆ, ಉಬ್ಬು ಇಳಿದು ಸುಕ್ಕಾಗುತ್ತದೆ. ಆಮೇಲೆ ಜಾಲರಿಗೆ ವರ್ಗಾಯಿಸಿ.

ಎರಡನೇ ಸುತ್ತಿಗೆ ತಟ್ಟೆಯನ್ನು ನಲ್ಲಿ ಕೆಳಗೆ ಹಿಡಿದು ತಣಿಸಿ, ಒರೆಸಿ. ಬಿಸಿ ತಟ್ಟೆಯ ಮೇಲೆ ಇಟ್ಟ ಉಂಡೆ ಒವನ್ ಸೇರುವ ಮುಂಚೆಯೇ ಕರಗಲು ಶುರುವಾಗಿರುತ್ತದೆ. ಅಂದಹಾಗೆ ಬೇಸಿಗೆಯ ಹಗಲಲ್ಲಿ ನಮ್ಮ ತಾರಸಿ ಟ್ಯಾಂಕಿನ ನೀರು ತಣಿಸುವ ಬದಲು ಕಾಯಿಸೀತು, ಕೊಡದ ನೀರು ಬಳಸಿ.

ಶಕ್ತಿನಗರ, ಕುಡತಿನಿಯಲ್ಲಿ ಕರೆಂಟು ಹುಟ್ಟುವ ಜಿಲ್ಲೆಗಳೇ ಆದರೂ ಬೇಯುವಾಗ ಕರೆಂಟು ಹೋಗುವುದಿಲ್ಲ ಎಂದು ಯಾರೂ ಆಣೆ ಮಾಡಲಾರರು. ಹೋದರೆ ಬಾಗಿಲು ತೆರೆಯಬೇಡಿ. ಎಂಟು ನಿಮಿಷ ಬೆಂದ ಮೇಲಾದರೆ ಒಳಗಿನ ಕಾವಿನಲ್ಲೇ ಆರೇಳು ನಿಮಿಷದಲ್ಲಿ ಮುಗಿಯುತ್ತದೆ. ಮೂರು ನಾಲ್ಕು ನಿಮಿಷದಲ್ಲೇ ಹೋದರೆ ತಟ್ಟೆಯನ್ನು ಕಾಯ್ದ ಕಡಾಯಿಗೆ ಸಾಗಿಸಬೇಕು. ಇನ್ವರ್ಟರ್ ಮೇಲೆ ಒವನ್ ಹಾಕುವ ಸಾಹಸ ಬೇಡ.

ಒವನ್ ಇಲ್ಲದವರಿಗೆ ಕಡಾಯಿ

ದಪ್ಪ ತಳದ ಹಳೆಯ ಕಡಾಯಿಗೆ ಎರಡು ಬೆರಳು ಹರಳುಪ್ಪು, ಅದರ ಮೇಲೆ ಸಣ್ಣ ಸ್ಟ್ಯಾಂಡ್, ಮೇಲೆ ಬಿಗಿಯಾಗಿ ಕೂರುವ ಮುಚ್ಚಳ. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 15ರಿಂದ 18 ನಿಮಿಷ. ಒಮ್ಮೆಗೆ ಐದಾರು ಕುಕೀ, ಕಡಾಯಿಯ ಅಂಚಿಗೆ ತಟ್ಟೆ ತಾಗಬಾರದು. ಮೇಲಿನಿಂದ ಬಿಸಿ ಇಲ್ಲದ್ದರಿಂದ ಬಿರುಕು ಕಡಿಮೆ, ತಳ ಬೇಗ ಕೆಂಪಾಗುತ್ತದೆ. ಮುಚ್ಚಳದ ಒಳಗೆ ಹಬೆ ಕಟ್ಟಿ ಹನಿ ಬೀಳದಂತೆ ಬಟ್ಟೆ ಕಟ್ಟುವವರಿದ್ದಾರೆ. ಉರಿಯ ಹತ್ತಿರ ಬಟ್ಟೆ ಬೇಡ, ಎಂಟನೇ ನಿಮಿಷಕ್ಕೆ ಒಮ್ಮೆ ಮುಚ್ಚಳ ಎತ್ತಿ ಒರೆಸಿದರೆ ಸಾಕು. ಆ ಉಪ್ಪು ಅಡುಗೆಗೆ ಮತ್ತೆ ಬಾರದು, ಡಬ್ಬಿಯಲ್ಲಿಟ್ಟು ಇದೇ ಕೆಲಸಕ್ಕೆ ಬಳಸಿ.

ಹದ ತಪ್ಪಿದರೆ

ತಳ ಕಪ್ಪಗೆ, ಮೇಲೆ ಹಸಿ: ಓಟಿಜಿ ಜೊತೆ ಬರುವ ತೆಳು ಕರಿ ತಟ್ಟೆಯ ಕೆಲಸ ಇದು. ಒಂದರ ಮೇಲೊಂದು ಎರಡು ತಟ್ಟೆ ಇಟ್ಟು ಬೇಯಿಸಿ, ಅಥವಾ ಒಂದು ಅಂತಸ್ತು ಮೇಲಕ್ಕೇರಿಸಿ.

ಬಿರುಕೇ ಬರಲಿಲ್ಲ ಎಂದರೆ ಸೋಡಾ ಹಳೆಯದು ಅಥವಾ ಒವನ್ ಪೂರ್ತಿ ಕಾದಿಲ್ಲ. ಹೊರಗಿನ ಪದರ ಬೇಗ ಗಟ್ಟಿಯಾಗಿ, ಒಳಗಿನ ಗಾಳಿ ಅದನ್ನು ಸೀಳಿ ಬಂದರೆ ತಾನೇ ಬಿರುಕು?

ಸಕ್ಕರೆ ಉದುರುತ್ತದೆ ಎಂದರೆ ಉಂಡೆ ಒಣಗಿತ್ತು. ಅಂಗೈಯನ್ನು ಒಂದಿಷ್ಟು ಒದ್ದೆ ಮಾಡಿ ಮತ್ತೆ ಉರುಳಿಸಿ.

ಕುಕೀ ಒಣ ಪುಡಿಯಾಗುತ್ತಿದ್ದರೆ ಅಳತೆ ನೋಡಿ. ಲೋಟವನ್ನು ಹಿಟ್ಟಿನ ಡಬ್ಬಿಗೆ ಮುಳುಗಿಸಿ ತುಂಬಿದರೆ ಅದೇ ಲೋಟದಲ್ಲಿ 20–30 ಗ್ರಾಂ ಹೆಚ್ಚು ಕೂರುತ್ತದೆ. ಮುನ್ನೂರು ನಾನ್ನೂರು ರೂಪಾಯಿಯ ಅಡುಗೆ ತಕ್ಕಡಿ ಈ ಜಗಳ ಮುಗಿಸುತ್ತದೆ.

ಇಡುವುದು

ಪೂರ್ತಿ ಆರಲು ಮುಕ್ಕಾಲು ತಾಸು ಬೇಕು. ಬೆಚ್ಚಗಿರುವಾಗ ಡಬ್ಬಿಗೆ ತುಂಬಿದರೆ ಒಳಗೆ ಬೆವರಿ ಸಕ್ಕರೆ ಕರಗಿ ಒಂದಕ್ಕೊಂದು ಅಂಟುತ್ತವೆ. ಬಿಗಿ ಸ್ಟೀಲ್ ಡಬ್ಬಿಯಲ್ಲಿ ಪದರಕ್ಕೊಂದು ಕಾಗದ ಹಾಕಿಟ್ಟರೆ ಒಂದು ವಾರ ಚೆನ್ನ. ನಮ್ಮ ಒಣ ಹವೆಗೆ ಎರಡನೇ ದಿನಕ್ಕೇ ಗಟ್ಟಿಯಾಗತೊಡಗಿದರೆ ಡಬ್ಬಿಗೆ ಅರ್ಧ ಬ್ರೆಡ್ ತುಂಡು ಹಾಕಿ ರಾತ್ರಿ ಬಿಡಿ. ಬ್ರೆಡ್ಡಿನ ತೇವ ಕುಕೀಗೆ ಹೋಗಿ, ಬೆಳಿಗ್ಗೆ ಬ್ರೆಡ್ಡೇ ಒಣಗಿರುತ್ತದೆ.

ಎಲ್ಲವನ್ನೂ ಒಂದೇ ದಿನ ಬೇಯಿಸಬೇಕೆಂದೇನಿಲ್ಲ. ಸಕ್ಕರೆ ಹಚ್ಚದ ಉಂಡೆಗಳನ್ನು ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿ ಗಟ್ಟಿಮಾಡಿ, ಚೀಲಕ್ಕೆ ತುಂಬಿದರೆ ಒಂದು ತಿಂಗಳು ಇರುತ್ತವೆ. ಬೇಕಾದಾಗ ಆರು ತೆಗೆದು, ಹತ್ತು ನಿಮಿಷ ಹೊರಗಿಟ್ಟು, ಅಂಗೈಯಲ್ಲಿ ಉರುಳಿಸಿ ಸಕ್ಕರೆ ಹಚ್ಚಿ, ಎರಡು ನಿಮಿಷ ಹೆಚ್ಚು ಬೇಯಿಸಿ. ಇರುವೆ ಕಾಟದ ಮನೆಯಲ್ಲಿ ಕುಕೀ ಡಬ್ಬಿಯನ್ನು ನೀರು ತುಂಬಿದ ತಟ್ಟೆಯ ನಡುವೆ ಒಂದು ಬಟ್ಟಲು ಕವುಚಿ ಅದರ ಮೇಲಿಡಿ. ಬೇಸಿಗೆಯಲ್ಲಿ ಆ ನೀರು ಸಂಜೆಯೊಳಗೆ ಆರುತ್ತದೆ, ಮಲಗುವ ಮುಂಚೆ ಮತ್ತೆ ತುಂಬಿ.